ಕ್ರೇಡ್ಲಿ ಹೀತ್, 1910: ಎರಡೂವರೆ ಪೆನ್ನಿ ಕೂಲಿಗಾಗಿ ಹತ್ತು ವಾರ

ಕಾನೂನು ಪಾಸಾಗಿತ್ತು. ಗಂಟೆಗೆ ಕನಿಷ್ಠ ಕೂಲಿ ಎಷ್ಟು ಎಂದು ಮಂಡಳಿ ಕೂತು ತೀರ್ಮಾನವನ್ನೂ ಮಾಡಿತ್ತು. ಆದರೂ 1910ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕ್ರೇಡ್ಲಿ ಹೀತ್ ಎಂಬ ಊರಿನಲ್ಲಿ ಸರಪಳಿ ಮಾಡುವ ಸುಮಾರು 800 ಹೆಂಗಸರಿಗೆ ಆ ಕೂಲಿಯೂ ಸಿಗಲಿಲ್ಲ, ಇದ್ದ ಕೆಲಸವೂ ಹೋಯಿತು. ಹತ್ತು ವಾರ ಹಟ ಹಿಡಿದು ನಿಂತ ಮೇಲೆ ಅದೇ ಕೂಲಿಯನ್ನು ಅವರು ಪಡೆದುಕೊಂಡರು. ಕೈಗಾರಿಕಾ ಕ್ರಾಂತಿ ಅಂದ ಕೂಡಲೇ ನಮಗೆ ಉಗಿಯಂತ್ರ, ಹತ್ತಿ ಗಿರಣಿ, ಕಬ್ಬಿಣದ ಸೇತುವೆ ಇವೇ ನೆನಪಾಗುತ್ತವೆ. ಶಾಲೆಯಲ್ಲಿ ಕಲಿಸಿದ್ದೂ ಅಷ್ಟೇ. ಅವನ್ನೆಲ್ಲ ಒಂದು ಪಕ್ಕಕ್ಕಿಟ್ಟು ಈ ಒಂದು ಊರಿನ ಒಂದು ಜಗಳವನ್ನು ಪೂರ್ತಿಯಾಗಿ ನೋಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಕಾನೂನು ಬರುವುದಕ್ಕೂ ದುಡ್ಡು ಕೈಗೆ ಬರುವುದಕ್ಕೂ ನಡುವೆ ಏನೇನು ನಡೆಯುತ್ತದೆ ಅನ್ನುವುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಮೊದಲು ಊರು. ಬರ್ಮಿಂಗ್‌ಹ್ಯಾಮ್‌ನ ಪಶ್ಚಿಮಕ್ಕೆ ಬ್ಲ್ಯಾಕ್ ಕಂಟ್ರಿ ಎಂದು ಕರೆಯುವ ಪ್ರದೇಶವಿದೆ. ಅಲ್ಲಿ ಸುಮಾರು 30 ಅಡಿ ದಪ್ಪದ ಕಲ್ಲಿದ್ದಲಿನ ಪದರ ಸಿಗುತ್ತಿತ್ತು, ಕಬ್ಬಿಣದ ಅದಿರೂ ಅಲ್ಲೇ ಇತ್ತು. ಕ್ರೇಡ್ಲಿ ಹೀತ್ ಹಿಂದೆ ಸ್ಟಾಫರ್ಡ್‌ಶೈರ್ ಜಿಲ್ಲೆಯ ರೌಲಿ ರೆಜಿಸ್ ಎಂಬ ಹಳೇ ಪ್ಯಾರಿಷ್‌ಗೆ, ಅಂದರೆ ಆ ಚರ್ಚಿನ ಸರಹದ್ದಿಗೆ ಸೇರಿದ ಬಯಲು ಜಾಗ. ಸ್ಟೌರ್ ಎಂಬ ಚಿಕ್ಕ ನದಿ ದಾಟಿದರೆ ಕ್ರೇಡ್ಲಿ. ಹೆಸರು ಹೆಚ್ಚುಕಡಿಮೆ ಒಂದೇ ಆದರೂ ಅದು ಬೇರೆ ಊರು, ಬೇರೆ ಪ್ಯಾರಿಷ್. ಈ ಭಾಗದ ಜನ ಮೊದಲು ಮನೆಯಲ್ಲೇ ಕುಲುಮೆ ಇಟ್ಟುಕೊಂಡು ಮೊಳೆ ಬಡಿಯುತ್ತಿದ್ದರು. ಯಂತ್ರದ ಮೊಳೆ ಬಂದು ಕೈಮೊಳೆಯ ಬೆಲೆ ಬಿದ್ದುಹೋದಾಗ ಎಷ್ಟೋ ಮನೆಗಳು ಅದೇ ಕುಲುಮೆಯಲ್ಲಿ ಸರಪಳಿ ಮಾಡತೊಡಗಿದವು. 19ನೇ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸರಪಳಿ ಎಂದರೆ ಈ ಊರೇ ಅನ್ನುವಂತಾಗಿತ್ತು.

ಸರಪಳಿಯಲ್ಲೂ ಎರಡು ಲೋಕ ಇದ್ದವು. ಹಡಗಿನ ಲಂಗರು, ಅದಕ್ಕೆ ಕಟ್ಟುವ ದಪ್ಪ ಸರಪಳಿ ಇವೆಲ್ಲ ಕಾರ್ಖಾನೆಯಲ್ಲಿ ಗಂಡಸರ ಕೆಲಸ. ಪಕ್ಕದ ನೆದರ್ಟನ್‌ನ ನೋವಾ ಹಿಂಗ್ಲಿ ಕಂಪನಿ 1911ರಲ್ಲಿ ಟೈಟಾನಿಕ್ ಹಡಗಿನ ನಡುವಿನ ಲಂಗರು ಮಾಡಿಕೊಟ್ಟಿತು. ಅದರ ತೂಕ 15 ಟನ್ನಿಗೂ ಜಾಸ್ತಿ, ಡಡ್ಲಿ ರೈಲು ನಿಲ್ದಾಣಕ್ಕೆ ಅದನ್ನು ಎಳೆದುಕೊಂಡು ಹೋಗಲು 20 ಕುದುರೆ ಬೇಕಾದವು. ಆ ಕುದುರೆ ಸಾಲಿನ ಫೋಟೋ ಈಗಲೂ ಎಲ್ಲ ಕಡೆ ಓಡಾಡುತ್ತದೆ. ಇನ್ನೊಂದು ಲೋಕ ಮನೆಯ ಹಿತ್ತಲಿನದು. ಗಾಡಿಗೆ, ದನ ಕಟ್ಟಲು, ಹೊಲದ ಕೆಲಸಕ್ಕೆ ಬೇಕಾಗುವ ಸಣ್ಣ ಸರಪಳಿಯನ್ನು ಮನೆ ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಮಾಡುತ್ತಿದ್ದರು. ಅದೇ ಊರು, ಅದೇ ಕಬ್ಬಿಣ, ಅದೇ ಬೆಂಕಿ. ಆದರೆ ಕಾರ್ಖಾನೆಯ ಗಂಡಸರಿಗೆ ಗಟ್ಟಿಯಾದ ಸಂಘ ಇತ್ತು. ಹಿತ್ತಲಿನ ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಶೆಡ್ಡಿನಲ್ಲಿ ಇದ್ದರು.

ಕೆಲಸ ಹೇಗಿತ್ತು ನೋಡಿ. ಕಬ್ಬಿಣದ ಸಲಾಕೆಯ ತುದಿಯನ್ನು ಕುಲುಮೆಯಲ್ಲಿಟ್ಟು ತಿದಿ ಒತ್ತಬೇಕು. ಕೆಂಪಗಾದ ತುದಿಯನ್ನು ಬೇಕಾದ ಉದ್ದಕ್ಕೆ ಕಡಿದು ಬಗ್ಗಿಸಬೇಕು, ಹಿಂದಿನ ಕೊಂಡಿಯೊಳಗೆ ತೂರಿಸಬೇಕು, ಮತ್ತೆ ಕಾಯಿಸಿ ಎರಡು ತುದಿಯೂ ಒಂದಾಗುವ ಹಾಗೆ ಸುತ್ತಿಗೆಯಲ್ಲಿ ಬಡಿದು ಬೆಸೆಯಬೇಕು. ಕಾಲಿನಿಂದ ತುಳಿದು ಬೀಳಿಸುವ ಒಂದು ಭಾರದ ಸುತ್ತಿಗೆಯೂ ಇರುತ್ತಿತ್ತು. ಬೆಸುಗೆ ಸರಿಯಾಗದಿದ್ದರೆ ಆ ಕೊಂಡಿ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಹೊರಗೆ ತೆಗೆಯಬೇಕು ಅನ್ನುವುದು ಕಣ್ಣಿಗೆ ಗೊತ್ತಿರಬೇಕು. ಇದು ಕಸುಬುದಾರರ ಕೆಲಸ, ಸುಮ್ನೆ ಮೈಬಗ್ಗಿಸಿ ದುಡಿಯುವ ಕೂಲಿಯಲ್ಲ. ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಕಾರಣ ಕೂಸುಗಳೂ ಅದೇ ಶೆಡ್ಡಿನಲ್ಲಿ, ಕಿಡಿ ಹಾರುವ ಜಾಗದ ಪಕ್ಕದಲ್ಲೇ ಇರುತ್ತಿದ್ದವು.

ವಾರಕ್ಕೆ 5,000 ಕೊಂಡಿಗಳವರೆಗೂ ಬಡಿದು ಸಿಗುತ್ತಿದ್ದದ್ದು ಸುಮಾರು 5 ಶಿಲಿಂಗ್. ಆ ಕಾಲದ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಅಂದರೆ 60 ಪೆನ್ನಿಗೆ 5,000 ಕೊಂಡಿ. ಒಂದು ಪೆನ್ನಿಗೆ 83 ಕೊಂಡಿ ಆಯಿತು. ವಾರಕ್ಕೆ 54 ಗಂಟೆ ದುಡಿದರು ಎಂದುಕೊಂಡರೂ ಸುಮಾರು 40 ಸೆಕೆಂಡಿಗೆ ಒಂದು ಕೊಂಡಿ ಮುಗಿಯಬೇಕು. ಈ ಲೆಕ್ಕವನ್ನು ಒಮ್ಮೆ ನೀವೇ ಹಾಕಿ ನೋಡಿ, ಆಮೇಲೆ ಮುಂದಿನ ಕಥೆಯಲ್ಲಿ ಯಾರು ಏನು ಕೇಳಿದರು ಅನ್ನುವುದರ ಅಳತೆ ಸಿಗುತ್ತದೆ.

ದುಡ್ಡು ಕೊಡುತ್ತಿದ್ದವರು ಯಾರು? ಬಹಳ ಸಲ ನಡುವೆ ಒಬ್ಬ ದಲ್ಲಾಳಿ. ಊರಿನಲ್ಲಿ ಅವರಿಗೆ ಫಾಗರ್ ಎನ್ನುತ್ತಿದ್ದರು. ಫಾಗರ್ ಸಲಾಕೆ ಕೊಡುತ್ತಾನೆ, ಆದ ಸರಪಳಿಯನ್ನು ತೂಕ ಹಾಕಿ ತೆಗೆದುಕೊಳ್ಳುತ್ತಾನೆ, ದೊಡ್ಡ ವ್ಯಾಪಾರಿಗೆ ಮಾರುತ್ತಾನೆ. ಕುಲುಮೆಗೆ ಹಾಕುವ ಇದ್ದಲಿನ ಖರ್ಚು ಎಷ್ಟೋ ಸಲ ಹೆಂಗಸಿನ ತಲೆಗೇ ಬರುತ್ತಿತ್ತು. ಕೂಲಿ ಕಡಿಮೆಯಾಯಿತು ಎಂದು ಒಬ್ಬಳು ಹೇಳಿದರೆ ಪಕ್ಕದ ಬೀದಿಯವಳಿಗೆ ಸಲಾಕೆ ಹೋಗುತ್ತಿತ್ತು. ಇದೇನೂ ಗುಟ್ಟಾಗಿರಲಿಲ್ಲ. 1880ರ ದಶಕದ ಕೊನೆಯಲ್ಲೇ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಒಂದು ಸಮಿತಿ ಈ ಊರಿನ ಸಾಕ್ಷಿಗಳನ್ನು ಕರೆದು ಕೇಳಿತ್ತು. ಕೇಳಿದ್ದಾಯಿತು, ವರದಿ ಬಂದದ್ದೂ ಆಯಿತು, ಅದಾಗಿ ಸುಮಾರು ಇಪ್ಪತ್ತು ವರ್ಷ ಕಳೆದರೂ ಕೂಲಿ ಮಾತ್ರ ಮೇಲೇಳಲಿಲ್ಲ.

ಬದಲಾವಣೆ ಶುರುವಾದದ್ದು 1906ರಲ್ಲಿ. ಡೈಲಿ ನ್ಯೂಸ್ ಪತ್ರಿಕೆ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಒಂದು ಪ್ರದರ್ಶನ ಏರ್ಪಡಿಸಿತು. ಅತಿ ಕಡಿಮೆ ಕೂಲಿಗೆ ಮನೆಯಲ್ಲೇ ಕೂತು ಮಾಡುವ ಕೆಲಸಗಳನ್ನು, ಮಾಡುವವರನ್ನೇ ಕರೆತಂದು ತೋರಿಸಿದರು. ಅದೇ ವರ್ಷ ಗ್ಲಾಸ್ಗೋ ಕಡೆಯ ಮೇರಿ ಮ್ಯಾಕಾರ್ಥರ್ ಎಂಬ 26 ವರ್ಷದ ಹುಡುಗಿ ಹೆಂಗಸರಿಗೆಂದೇ ಒಂದು ರಾಷ್ಟ್ರೀಯ ಕಾರ್ಮಿಕ ಸಂಘ ಕಟ್ಟಿದಳು. 1909ರಲ್ಲಿ ವಿನ್‌ಸ್ಟನ್ ಚರ್ಚಿಲ್ ವ್ಯಾಪಾರ ಖಾತೆಯ ಮಂತ್ರಿಯಾಗಿದ್ದಾಗ ಟ್ರೇಡ್ ಬೋರ್ಡ್ಸ್ ಕಾಯ್ದೆ ಬಂತು. ಮೊದಲಿಗೆ ನಾಲ್ಕೇ ಕಸುಬು: ಸಿದ್ಧ ಉಡುಪು ಹೊಲಿಗೆ, ರಟ್ಟಿನ ಪೆಟ್ಟಿಗೆ, ಯಂತ್ರದ ಲೇಸನ್ನು ಕೊನೆಯಲ್ಲಿ ಕೈಯಿಂದ ಸರಿಮಾಡುವ ಕೆಲಸ, ಮತ್ತು ಸರಪಳಿ. ಪ್ರತಿ ಕಸುಬಿಗೂ ಒಂದು ಮಂಡಳಿ. ಅದರಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಎರಡೂ ಕಡೆಗೆ ಸೇರದ ಕೆಲವರು.

ಸರಪಳಿ ಮಂಡಳಿ 1910ರಲ್ಲಿ ಹೆಂಗಸರ ಕೈಸರಪಳಿಗೆ ಗಂಟೆಗೆ ಎರಡೂವರೆ ಪೆನ್ನಿ ಎಂದು ಗೊತ್ತು ಮಾಡಿತು. 54 ಗಂಟೆಗೆ 11 ಶಿಲಿಂಗ್ 3 ಪೆನ್ನಿ. ಇದ್ದದ್ದರ ಎರಡರಷ್ಟು! ಆದರೂ ಅದು ದೊಡ್ಡ ಮೊತ್ತವೇನಲ್ಲ, ಹೊಟ್ಟೆ ಬಟ್ಟೆಗೇ ಸರಿಹೋಗುವುದು ಕಷ್ಟ.

ಈಗ ಪ್ರಕರಣದ ಗಂಟು ಇರುವ ಜಾಗಕ್ಕೆ ಬಂದೆವು. ಕಾಯ್ದೆಯಲ್ಲಿ ಒಂದು ಸಂದು ಇತ್ತು. ಮಂಡಳಿ ದರ ಗೊತ್ತು ಮಾಡಿದ ಮೇಲೆ ಮೊದಲ ಆರು ತಿಂಗಳು ಅದು ಪೂರ್ತಿ ಕಡ್ಡಾಯವಲ್ಲ. ಆ ಅವಧಿಯಲ್ಲಿ ಕೆಲಸಗಾರರು ತಾವಾಗಿಯೇ ಬರಹದಲ್ಲಿ ಒಪ್ಪಿದರೆ ಕಡಿಮೆ ಕೂಲಿ ಕೊಡಬಹುದು. ಬರೆದವರ ಉದ್ದೇಶ ಏನಿತ್ತೋ ಇರಲಿ, ನಡೆದದ್ದು ಇದು: ಕೆಲವು ಮಾಲೀಕರೂ ದಲ್ಲಾಳಿಗಳೂ ಒಂದು ಫಾರಂ ತಂದು ಹೆಂಗಸರ ಮುಂದೆ ಇಟ್ಟರು. ಸಹಿ ಹಾಕು, ಇಲ್ಲದಿದ್ದರೆ ಕೆಲಸ ಇಲ್ಲ. ಓದು ಬಾರದ ಎಷ್ಟೋ ಜನ ಅದು ಏನೆಂದು ತಿಳಿಯದೆಯೇ ಗುರುತು ಹಾಕಿದರು. ತಮಗೆ ಬಂದಿದ್ದ ಹಕ್ಕನ್ನು ಆರು ತಿಂಗಳಿಗೆ ಬಿಟ್ಟುಕೊಟ್ಟೆವು ಎಂದು ಆ ಕಾಗದ ಹೇಳುತ್ತಿತ್ತು.

ಆರು ತಿಂಗಳು ತಾನೇ, ಆಮೇಲೆ ಹೇಗೂ ಸಿಗುತ್ತಿತ್ತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಸಿಗುತ್ತಿರಲಿಲ್ಲ. ಸರಪಳಿ ಕೆಡುವ ಸರಕಲ್ಲ. ಆರು ತಿಂಗಳು ಹಳೇ ಕೂಲಿಯಲ್ಲಿ ಮಾಡಿಸಿ ಗೋದಾಮು ತುಂಬಿಸಿಕೊಂಡರೆ ಆಮೇಲೆ ಹೊಸ ದರ ಕಡ್ಡಾಯವಾದ ದಿನ ಕೆಲಸವನ್ನೇ ಕೊಡದೆ ಕೂರಬಹುದು. ಅಗ್ಗದ ದಾಸ್ತಾನು ಮಾರಿಕೊಂಡೇ ತಿಂಗಳುಗಟ್ಟಲೆ ನಡೆಸಬಹುದು. ಅಷ್ಟರಲ್ಲಿ ಹಸಿದ ಮನೆಗಳು ಎಂಥ ಒಪ್ಪಂದಕ್ಕಾದರೂ ಬರುತ್ತವೆ. ಹಾಗೆ ನೋಡಿದರೆ ಆ ಆರು ತಿಂಗಳು ಇಡೀ ಕಾಯ್ದೆಯನ್ನೇ ನುಂಗಿ ಹಾಕುವಷ್ಟು ದೊಡ್ಡದಾಗಿತ್ತು.

ಮೇರಿ ಮ್ಯಾಕಾರ್ಥರ್‌ಗೆ ಇದು ಬೇಗ ಅರ್ಥವಾಯಿತು. ಊರಿನಲ್ಲಿ ಅವಳ ಜೊತೆ ಚಾರ್ಲ್ಸ್ ಸಿಚ್ ಇದ್ದ. ಅವನ ತಂದೆ ಥಾಮಸ್ ಸಿಚ್ ಗಂಡಸರ ಸರಪಳಿ ಸಂಘದ ಮುಂದಾಳು. ಹೊಸ ದರವನ್ನು ಈಗಲೇ ಕೊಡಿ ಎಂದು ಮ್ಯಾಕಾರ್ಥರ್ ಕಟ್ಟಿದ ಹೆಂಗಸರ ಸಂಘ ಆಗಸ್ಟ್‌ನಲ್ಲಿ ಕೇಳಿತು. ಸಹಿ ಹಾಕದ ಹೆಂಗಸರಿಗೆ ಸಲಾಕೆ ಕೊಡುವುದು ನಿಂತಿತು. ಇತಿಹಾಸದಲ್ಲಿ ಇದನ್ನು ಮುಷ್ಕರ ಎಂದು ಕರೆಯುವುದು ವಾಡಿಕೆ. ಆದರೆ ಕೆಲಸ ನಿಲ್ಲಿಸಿದ್ದು ಕೊಡುವವರೇ ಅನ್ನುವುದನ್ನು ಮರೆಯಬಾರದು. ಕಾನೂನು ಕೊಟ್ಟ ದರ ಕೇಳಿದ್ದಕ್ಕೆ ಅವರನ್ನು ಹೊರಗೆ ನಿಲ್ಲಿಸಲಾಗಿತ್ತು.

ಮುಂದಿನ ನಡೆ ನನಗೆ ಈ ಪ್ರಕರಣದಲ್ಲೇ ಬಹಳ ಮುಖ್ಯ ಅನ್ನಿಸುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೊಡ್ಡ ಮಾಲೀಕರ ಸಂಘಕ್ಕೂ ಒಂದು ಹೆದರಿಕೆ ಇತ್ತು. ನಾವು ಹೊಸ ದರ ಕೊಡುತ್ತೇವೆ ಅನ್ನಿ, ಪಕ್ಕದ ಬೀದಿಯ ಫಾಗರ್ ಸಹಿ ಹಾಕಿಸಿಕೊಂಡು ಹಳೇ ದರದಲ್ಲೇ ಮಾಡಿಸಿದರೆ ನಮ್ಮ ಸರಕು ಯಾರು ಕೊಳ್ಳುತ್ತಾರೆ? ಹಾಗಾಗಿ ಸೆಪ್ಟೆಂಬರ್ ಮೊದಲಲ್ಲಿ ಅವರು ಒಂದು ಷರತ್ತು ಮುಂದಿಟ್ಟರು. ಸಹಿ ಹಾಕಲು ಒಪ್ಪದೆ ಕೆಲಸ ಕಳೆದುಕೊಳ್ಳುವ ಹೆಂಗಸರನ್ನೆಲ್ಲ, ಸಂಘಕ್ಕೆ ಸೇರದವರನ್ನೂ ಸೇರಿಸಿ, ನೀವು ನೋಡಿಕೊಳ್ಳುವುದಾದರೆ ನಾವು ನಮ್ಮ ಸದಸ್ಯರಿಗೆ ಹೊಸ ದರ ಕೊಡಿ ಎಂದು ಹೇಳುತ್ತೇವೆ ಎಂದರು. ಚಂದಾ ಕಟ್ಟದವರಿಗೆ ಸಂಘದ ದುಡ್ಡು ಏಕೆ ಎಂದು ವಾದ ಮಾಡಲು ಇಲ್ಲಿ ಧಾರಾಳವಾಗಿ ಜಾಗ ಇತ್ತು. ಮ್ಯಾಕಾರ್ಥರ್ ಆ ವಾದಕ್ಕೆ ಹೋಗಲಿಲ್ಲ, ಒಪ್ಪಿಕೊಂಡಳು. ಏಕೆಂದರೆ ಸಂಘದ ಹೊರಗಿರುವ ಹೆಂಗಸು ಹಸಿವು ತಾಳದೆ ಸಹಿ ಹಾಕಿದರೆ ಸಂಘದ ಒಳಗಿನವಳ ಕೂಲಿಯೂ ಹೋಗುತ್ತದೆ.

ಸಂಘದವರಿಗೆ ವಾರಕ್ಕೆ 5 ಶಿಲಿಂಗ್, ಹೊರಗಿನವರಿಗೆ ಸ್ವಲ್ಪ ಕಡಿಮೆ, ಹೀಗೆ ನೆರವು ಕೊಡತೊಡಗಿದರು. ಮೇಲೆ ಹೇಳಿದ ಲೆಕ್ಕಕ್ಕೆ ಒಮ್ಮೆ ವಾಪಸ್ ಹೋಗಿ. ವಾರವಿಡೀ 5,000 ಕೊಂಡಿ ಬಡಿದರೂ ಸಿಗುತ್ತಿದ್ದದ್ದು ಅದೇ 5 ಶಿಲಿಂಗ್ ಅಲ್ವಾ? ಮಾಲೀಕರು ಕೂಲಿಯನ್ನು ಎಷ್ಟು ಕೆಳಗೆ ಒತ್ತಿ ಇಟ್ಟಿದ್ದರು ಎಂದರೆ ದಾನದ ಹಣದಿಂದ ಬರುವ ನೆರವೇ ಅದಕ್ಕೆ ಸಮವಾಯಿತು. ಸಾಮಾನ್ಯವಾಗಿ ಮುಷ್ಕರ ಮುರಿಯುವುದು ಮನೆಯಲ್ಲಿ ಅಡುಗೆ ನಿಂತಾಗ. ಇಲ್ಲಿ ಆ ಅಸ್ತ್ರ ಮಾಲೀಕರ ಕೈಯಲ್ಲಿ ಉಳಿಯಲೇ ಇಲ್ಲ.

ಆದರೆ ನೂರಾರು ಮನೆಗೆ ವಾರವಾರ ಕೊಡಲು ಹಣ ಬೇಕಲ್ಲ. ಮ್ಯಾಕಾರ್ಥರ್ ಹಳ್ಳಿ ಸಭೆಗಳಿಗೇ ನಿಲ್ಲಲಿಲ್ಲ. ಪತ್ರಿಕೆಗಳಿಗೆ ಬರೆದಳು, ದೊಡ್ಡ ಊರುಗಳಲ್ಲಿ ಮಾತಾಡಿದಳು, ತಾವು ಮಾಡಿದ ಸರಪಳಿಯನ್ನೇ ಕೈಯಲ್ಲಿ ಹಿಡಿದ ವಯಸ್ಸಾದ ಹೆಂಗಸರನ್ನು ಜನರ ಮುಂದೆ ನಿಲ್ಲಿಸಿದಳು. ಅವರಲ್ಲಿ ಪೇಶನ್ಸ್ ರೌಂಡ್ ಎಂಬವಳಿಗೆ ಆಗ 79 ವರ್ಷ. ಪಾಥೆ ಕಂಪನಿ ಬ್ರಿಟನ್ನಿನಲ್ಲಿ ವಾರ್ತಾಚಿತ್ರ ಶುರು ಮಾಡಿದ್ದು ಅದೇ 1910ರ ಜೂನ್‌ನಲ್ಲಿ. ಕೆಲವೇ ತಿಂಗಳಲ್ಲಿ ಅವರ ಕ್ಯಾಮೆರಾ ಕ್ರೇಡ್ಲಿ ಹೀತ್‌ಗೆ ಬಂತು. ಸುಮಾರು ಒಂದು ಕೋಟಿ ಜನ ಆ ಚಿತ್ರ ನೋಡಿದರು ಎಂದು ಅಂದಾಜು. ಸಂಬಳದ ಜಗಳವೊಂದು ಥಿಯೇಟರಿನ ಪರದೆ ಮೇಲೆ ಹೀಗೆ ದೇಶದ ತುಂಬ ಓಡಿದ್ದು ಆ ಕಾಲಕ್ಕೆ ತೀರಾ ಹೊಸದು. ಒಟ್ಟು ಕೂಡಿದ ಹಣ ಸುಮಾರು 4,000 ಪೌಂಡ್. ಶ್ರೀಮಂತರೂ ಕೊಟ್ಟರು, ಕಾರ್ಖಾನೆಯ ಕೆಲಸಗಾರರೂ ಚಿಲ್ಲರೆ ಕೂಡಿಸಿ ಕಳಿಸಿದರು.

ಇನ್ನೊಂದು ಕಡೆ ಒಂದು ಪಟ್ಟಿ ಬೆಳೆಯುತ್ತಾ ಹೋಯಿತು. ಹೊಸ ದರಕ್ಕೆ ಸಹಿ ಹಾಕಿದ ಮಾಲೀಕರ ಹೆಸರು ಅದರಲ್ಲಿ ಸೇರುತ್ತಿತ್ತು. ವೈಟ್ ಲಿಸ್ಟ್ ಎನ್ನುತ್ತಿದ್ದರು. ಫಾರಂ ಹಿಡಿದು ಬಂದವರೇ ಕೊನೆಗೆ ಬೇರೊಂದು ಕಾಗದಕ್ಕೆ ಸಹಿ ಹಾಕಬೇಕಾಯಿತು. ದೊಡ್ಡವರು ಮೊದಲು ಬಂದರು, ದಲ್ಲಾಳಿಗಳು ಕೊನೆಯವರೆಗೂ ಎಳೆದಾಡಿದರು. 1910ರ ಅಕ್ಟೋಬರ್ 22ರಂದು ಕೊನೆಯ ಸಹಿಯೂ ಬಿತ್ತು.

ಗೆದ್ದದ್ದು ಉಳಿಯಿತೇ? ಈ ಪ್ರಶ್ನೆಯನ್ನು ಆಗಲೇ ಕೇಳಿದವರು ಇದ್ದರು. ಕನಿಷ್ಠ ಕೂಲಿ ತಂದರೆ ಕಸುಬೇ ಮುಳುಗುತ್ತದೆ, ಹೆಂಗಸರಿಗೆ ಇದ್ದ ಕೆಲಸವೂ ಹೋಗುತ್ತದೆ ಎಂದು ಜೋರಾಗಿ ಹೇಳುತ್ತಿದ್ದ ಕಾಲ. ಆರ್ಥಿಕ ಇತಿಹಾಸಕಾರ ಆರ್. ಎಚ್. ಟಾನಿ ಈ ಊರಿನ ಸರಪಳಿ ಕಸುಬನ್ನೇ ಹಿಡಿದು ಕೂಲಂಕಷವಾಗಿ ನೋಡಿ 1914ರಲ್ಲಿ ಬರೆದರು. (ಟಾನಿ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1880ರಲ್ಲಿ. ಮೇರಿ ಮ್ಯಾಕಾರ್ಥರ್ ಹುಟ್ಟಿದ್ದೂ ಅದೇ ವರ್ಷ.) ಕೂಲಿ ಏರಿತ್ತು, ಕಸುಬು ಮುಳುಗಿರಲಿಲ್ಲ. ಇವತ್ತಿಗೂ ಕನಿಷ್ಠ ಕೂಲಿಯ ಮಾತು ಬಂದಾಗಲೆಲ್ಲ ಅದೇ ಹಳೇ ಹೆದರಿಕೆಯನ್ನು ಹೊಸದು ಅನ್ನುವ ಹಾಗೆ ಮುಂದಿಡುತ್ತಾರೆ. ಹಾಗೆ ಹೇಳುವವರು ಈ ಊರಿನ ದಾಖಲೆಯನ್ನು ಒಮ್ಮೆ ಓದಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಶೆಡ್ಡು ಅದೇ, ಹೊಗೆ ಅದೇ, ಕಿಡಿ ಅದೇ. ಮಾಲೀಕರ ಮುಂದೆ ಹೆಂಗಸರು ಒಟ್ಟಾಗಿ ಕೂತು ಮಾತಾಡಬಹುದು ಅನ್ನುವುದು ಮಾತ್ರ ಹೊಸದಾಗಿ ಬಂತು. ಎರಡನೇದು, ಮಂಡಳಿಯ ಮಾದರಿ ಅಲ್ಲಿಂದ ಹೊರಗೆ ಹರಡಿತು. 1928ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕನಿಷ್ಠ ಕೂಲಿ ಗೊತ್ತು ಮಾಡುವ ವ್ಯವಸ್ಥೆಯ ಬಗ್ಗೆ 26ನೇ ಒಪ್ಪಂದ ತಂದಾಗ ಅದರಲ್ಲಿ ಮನೆಯಲ್ಲಿ ಕೂತು ಮಾಡುವ ಕಸುಬುಗಳನ್ನು ಹೆಸರಿಸಿಯೇ ಹೇಳಿತು. ಭಾರತ ಅದನ್ನು 1955ರಲ್ಲಿ ಒಪ್ಪಿತು. ಅದಕ್ಕೂ ಮೊದಲೇ, 1948ರಲ್ಲಿ, ನಮ್ಮ ಕನಿಷ್ಠ ವೇತನ ಕಾಯ್ದೆ ಬಂದಿತ್ತು. ಅದರ ಸಮಿತಿಗಳ ರಚನೆ ನೋಡಿ: ಮಾಲೀಕರು, ಕೆಲಸಗಾರರು ಸಮಸಮ, ಜೊತೆಗೆ ಸ್ವತಂತ್ರರು ಕೆಲವರು. ಕ್ರೇಡ್ಲಿ ಹೀತ್‌ಗೆ ಕೂಲಿ ಗೊತ್ತು ಮಾಡಿದ ಮಂಡಳಿಯ ಅದೇ ಅಚ್ಚು. ಆ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಬೀಡಿ ಇತ್ತು. ದಕ್ಷಿಣ ಕನ್ನಡದಲ್ಲಿ ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ತಂದು ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟು ಎಂದು ಕೂಲಿ ಪಡೆಯುವ ಹೆಂಗಸರಿಗೆ ಈ ಸಲಾಕೆ, ಫಾಗರ್, ತೂಕದ ಕಥೆಯನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

ಇನ್ನು ಊರಲ್ಲಿ ಏನು ಉಳಿದಿದೆ ಅನ್ನುವ ವಿಷಯ. ನೆರವಿಗೆ ಕೂಡಿಸಿದ್ದ ಹಣದಲ್ಲಿ ಉಳಿದದ್ದನ್ನು ಹಂಚಿ ಮುಗಿಸಲಿಲ್ಲ. ಕೆಲಸಗಾರರಿಗೆಂದು ಒಂದು ಭವನ ಕಟ್ಟಿದರು. ಕ್ರೇಡ್ಲಿ ಹೀತ್ ವರ್ಕರ್ಸ್ ಇನ್‌ಸ್ಟಿಟ್ಯೂಟ್ ಅದರ ಹೆಸರು, 1912ರ ಜೂನ್ 10ರಂದು ತೆರೆಯಿತು. ಸಭೆ, ಪಾಠ, ಮನರಂಜನೆ ಎಲ್ಲಕ್ಕೂ ಅದೇ ಜಾಗ. 2000ದ ದಶಕದಲ್ಲಿ ಊರಿಗೆ ಹೊಸ ರಸ್ತೆ ಬರುವಾಗ ಆ ಕಟ್ಟಡ ಅಡ್ಡ ಬಂತು. ಅದನ್ನು ಬಿಡಿಬಿಡಿಯಾಗಿ ಕಳಚಿ ಡಡ್ಲಿಯ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂಗೆ ಸಾಗಿಸಿ ಮತ್ತೆ ಕಟ್ಟಿದರು. ಕೆಡವಿ ಮಣ್ಣು ಮಾಡುವುದಕ್ಕಿಂತ ಇದು ಸಾವಿರ ಪಾಲು ಒಳ್ಳೆಯದು, ಆ ಕೆಲಸ ಮಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಆ ಭವನ ಕೆಲವೇ ಮೈಲಿ ದೂರ ಹೋಗಿದ್ದರೂ ತನ್ನ ಬೀದಿಯನ್ನು ಬಿಟ್ಟು ಹೋಯಿತು. ಕ್ರೇಡ್ಲಿ ಹೀತ್‌ನಲ್ಲಿ ಬೆಳೆಯುವ ಮಗುವಿಗೆ ಶಾಲೆಗೆ ಹೋಗುವ ದಾರಿಯಲ್ಲಿ ಅದು ಇನ್ನು ಕಾಣುವುದಿಲ್ಲ, ಟಿಕೆಟ್ ತೆಗೆದುಕೊಂಡು ನೋಡಬೇಕು. ರಸ್ತೆಯನ್ನು ಸ್ವಲ್ಪ ತಿರುಗಿಸುವುದಕ್ಕಿಂತ ಕಟ್ಟಡವನ್ನು ಎತ್ತಿಕೊಂಡು ಹೋಗುವುದೇ ಸುಲಭ ಎಂದು ಯೋಜನೆ ಮಾಡುವವರಿಗೆ ಅನ್ನಿಸುವುದು ನನಗೆ ಒಪ್ಪಿಗೆಯಿಲ್ಲ.

ಊರಿನವರು ಸುಮ್ಮನೆ ಕೂತಿಲ್ಲ. ಮೇರಿ ಮ್ಯಾಕಾರ್ಥರ್ ಹೆಸರಿನ ಒಂದು ಉದ್ಯಾನ ಊರಿನಲ್ಲಿದೆ. ಅಲ್ಲಿ 2012ರಲ್ಲಿ ಸರಪಳಿ ಮಾಡುವ ಹೆಂಗಸಿನ ದೊಡ್ಡ ಪ್ರತಿಮೆಯನ್ನು ನಿಲ್ಲಿಸಿದರು, ಶಿಲ್ಪಿ ಲೂಕ್ ಪೆರಿ. ಹೋರಾಟದ ನೆನಪಿಗೆ ಹೆಂಗಸರ ಸರಪಳಿ ಹಬ್ಬವೂ ನಡೆಯುತ್ತಾ ಬಂದಿದೆ. ಹತ್ತಿರದ ಮಶ್ರೂಮ್ ಗ್ರೀನ್‌ನಲ್ಲಿ ಒಂದು ಹಳೇ ಸರಪಳಿ ಶೆಡ್ಡನ್ನು ಸರಿಮಾಡಿ ಉಳಿಸಿಕೊಂಡಿದ್ದಾರೆ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವ ಕನ್ನಡದವರು ಹೋಗುವುದಾದರೆ ನನ್ನ ಸಲಹೆ ಇಷ್ಟು: ಮೊದಲು ಡಡ್ಲಿಯ ಮ್ಯೂಸಿಯಂನಲ್ಲಿ ಭವನ ನೋಡಿ, ಆಮೇಲೆ ಕ್ರೇಡ್ಲಿ ಹೀತ್‌ಗೆ ಹೋಗಿ ಆ ಊರಿನ ಬೀದಿಗಳಲ್ಲಿ ಓಡಾಡಿ. ಮ್ಯೂಸಿಯಂನಲ್ಲಿ ಸರಪಳಿ ಮಾಡಿ ತೋರಿಸುವ ಹೊತ್ತು ಯಾವುದು ಎಂದು ಮೊದಲೇ ಕೇಳಿಕೊಳ್ಳಿ, ಮತ್ತು ಅಲ್ಲಿ ಒಂದು ಕೊಂಡಿ ಮುಗಿಯಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ.